ನಾಲ್ಕನೇ ಜ್ವರ ಎದ್ದ ಹುಳುಗಳು

ಚಿಕ್ಕಬಳ್ಳಾಪುರ
೯-೩-೨೦೨೫

ನನ್ನ ಬಂಗಾರ ತನುಜಳಿಗೆ,

ಅಮ್ಮನ ಆಶೀರ್ವಾದಗಳು. ಫೋನು ಇರುವಾಗ ಕಾಗದ ಯಾಕೆ ಎನ್ನಬೇಡ. ಫೋನು ಮಾಡಿದರೆ ‘ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ಯಾ’ ಎಂದು ಕೇಳುತ್ತೀಯ, ಅಪ್ಪನ ಸುದ್ದಿ ಬಂದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ನೀನು ಅಂಥವಳಲ್ಲ. ಚಿಕ್ಕವಳಿದ್ದಾಗ ಬೋಂಡ ಕಟ್ಟಿಕೊಟ್ಟ ಪೇಪರನ್ನೂ ಪೂರ್ತಿ ಓದದೆ ಬಿಸಾಡುತ್ತಿರಲಿಲ್ಲ.

ಲಗ್ನಪತ್ರಿಕೆ ತಲುಪಿತು. ಭಾನುಪ್ರಕಾಶನ ಹೆಸರಿನ ಪಕ್ಕ ನಿನ್ನ ಹೆಸರು ನೋಡಿ ಕಣ್ಣು ತುಂಬಿ ಬಂತು. ಒಳ್ಳೆಯ ಹುಡುಗ, ಮೇಷ್ಟ್ರ ಕೆಲಸ, ಚಿಂತಾಮಣಿಯಲ್ಲಿ ನಿನ್ನ ಕಾಲೇಜಿಗೂ ಹತ್ತಿರ. ನನಗೆ ಯಾವ ತಕರಾರೂ ಇಲ್ಲ. ಆದರೆ ‘ಸುಖಾಗಮನ ಬಯಸುವವರು’ ಎಂಬಲ್ಲಿ ನಿಮ್ಮ ಆಂಜಿನಮ್ಮತ್ತೆಯ ಹೆಸರು ಮಾತ್ರ ಇದೆ. ಕವರಿನ ಮೇಲೆ ನನ್ನೊಬ್ಬಳ ಹೆಸರು. ನಿಮ್ಮಪ್ಪನ ಹೆಸರು ಒಳಗೂ ಇಲ್ಲ, ಹೊರಗೂ ಇಲ್ಲ.

ಬಚ್ಚಿಡೋಣವೆಂದುಕೊಂಡೆ, ಅಷ್ಟರಲ್ಲಿ ಅವರೇ ಕೈಗೆ ತೆಗೆದುಕೊಂಡಿದ್ದರು. ಓದಿದರು. ಹಿಂದೆ ತಿರುಗಿಸಿ ನೋಡಿದರು, ಅಲ್ಲಿ ಪ್ರೆಸ್ಸಿನ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಇನ್ನೊಮ್ಮೆ ಓದಿದರು. ಆಮೇಲೆ “ಪ್ರಿಂಟಿಂಗ್ ಚೆನ್ನಾಗೈತೆ ಕಣೇ” ಎಂದು ಟಿವಿ ಮುಂದೆ ಕೂತರು. ಟಿವಿ ಹಾಕಿರಲಿಲ್ಲ.

ನಿಮ್ಮಪ್ಪನನ್ನು ನಾನೇನೂ ಹೊಗಳಲು ಕೂತಿಲ್ಲ. ಶಿಡ್ಲಘಟ್ಟ ರಸ್ತೆಯಲ್ಲಿ ಮೂರು, ಇಲ್ಲಿ ಎರಡು, ಗೌರಿಬಿದನೂರಿನಲ್ಲಿ ಒಂದು ಲೇಔಟ್ ಮಾಡಿದ ಮನುಷ್ಯ. ಅದರಲ್ಲಿ ಎಷ್ಟು ಹಿಪ್ಪುನೇರಳೆ ತೋಟ ಹೋಯಿತೆಂದು ನನಗೂ ಗೊತ್ತು. ಸಾದಲಿಯಲ್ಲಿ ಶಾಲೆ ಕೊಠಡಿ, ಇಲ್ಲಿ ಡಯಾಲಿಸಿಸ್ ಮೆಷಿನ್ನು, ದಾರಿಯುದ್ದಕ್ಕೂ ಬಸ್ ಶೆಲ್ಟರು, ಎಲ್ಲದರ ಮೇಲೂ ಕೈಮುಗಿದ ಫೋಟೊ. ‘ಗೌರಿಬಿದನೂರಿಗೆ ಹೋಗೋಷ್ಟ್ರಲ್ಲಿ ಅಪ್ಪ ಹದಿನಾಲ್ಕು ಸಲ ಕೈಮುಗಿದ್ರು’ ಎಂದು ನೀನೇ ನಗಾಡುತ್ತಿದ್ದೆ. ಹೊದಿಸಿದ ಶಾಲುಗಳು ಒಂದು ಬೀರು ತುಂಬಿವೆ, ಚಳಿಗೆ ಒಂದೂ ಆಗುವುದಿಲ್ಲ. ಹೆಸರಿನ ಆಸೆ ಅವರಿಗೆ ಇದ್ದೇ ಇದೆ, ಇಲ್ಲವೆನ್ನಲಾರೆ.

ಆದರೂ ಸಾಮೂಹಿಕ ವಿವಾಹದಲ್ಲಿ ಪ್ರತಿ ವರ್ಷ ಅಪ್ಪ ಇಲ್ಲದ ಹೆಣ್ಣುಮಕ್ಕಳಿಗೆ ತಾವೇ ನಿಂತು ಧಾರೆ ಎರೆಯುತ್ತಾರಲ್ಲ, ಅದು ಫೋಟೊಗಾಗಿ ಅಲ್ಲ. ಫೋಟೊದವನು ಹೋದ ಮೇಲೂ ಆ ಮಕ್ಕಳ ಊಟ ಆಗುವ ತನಕ ಅಲ್ಲೇ ನಿಂತಿರುವುದನ್ನು ನಾನು ನೋಡಿದ್ದೇನೆ. ಅಂಥವರಿಗೆ ಸ್ವಂತ ಮಗಳ ಧಾರೆಯಿಲ್ಲ ಎಂದರೆ ನಾನು ಹೇಗೆ ಸಹಿಸಲಿ?

ಆಗಸ್ಟಿನದನ್ನು ಬರೆಯದೆ ಗತಿಯಿಲ್ಲ. ಜಂಗಮಕೋಟೆ ಕಡೆ ಡೆಂಗಿ ಬಂದು, ಅತ್ತೆ ಇರುವ ನಮ್ಮೂರಲ್ಲಿ ಒಂದು ಮಗು ತೀರಿಕೊಂಡಿತು. ಇವರು ಸುಮ್ಮನೆ ಕೂರುವವರೇ? ಸೊಳ್ಳೆಗೆ ಹೊಗೆ ಹಾಕುವ ಗಾಡಿಯನ್ನು ತಮ್ಮ ಖರ್ಚಿನಲ್ಲಿ ತರಿಸಿದರು, ಬ್ಯಾನರೂ ಕಟ್ಟಿಸಿದರು. ರೇಷ್ಮೆ ಹುಳ ಸಾಕುವ ಊರಿನಲ್ಲಿ ಆ ಔಷಧಿ ವಿಷವೆಂದು ಅವರಿಗೆ ಗೊತ್ತಿಲ್ಲದೆ ಇಲ್ಲ, ಸೊಳ್ಳೆ ಬತ್ತಿಯನ್ನೂ ಹಚ್ಚದ ಮನೆಯಲ್ಲಿ ಹುಟ್ಟಿ ಬೆಳೆದವರು. ಅದಕ್ಕೇ ಹಿಂದಿನ ದಿನ ಆಫೀಸಿನ ಮೋಹನ್‌ಬಾಬುವನ್ನು ಕಳಿಸಿ ಮನೆ ಮನೆ ಕೇಳಿಸಿದರು. ಎಲ್ಲರ ಗೂಡೂ ಮಾರ್ಕೆಟ್ಟಿಗೆ ಹೋಗಿ ಆಗಿತ್ತು. ತಮ್ಮ ಸ್ವಂತ ಅಕ್ಕ, ನಿನ್ನ ಅತ್ತೆಯ ಮನೆಯಲ್ಲಿ ಮಾತ್ರ ಕೇಳಿಸಲಿಲ್ಲ. ಆಷಾಢದಲ್ಲಿ ಬಂದಿದ್ದಾಗ ಆಂಜಿನಮ್ಮತ್ತಿಗೆಯೇ “ಮಂಡಿ ನೋವು ಕಣಪ್ಪ, ಈ ಬೆಳೆ ಬಿಟ್ಬುಡ್ತೀನಿ” ಅಂದಿದ್ದರು, ನೀನೂ ಕೇಳಿಸಿಕೊಂಡಿದ್ದೆ. ಆಮೇಲೆ ಸೊಪ್ಪು ಸೊಂಪಾಗಿ ಬಂದಿದ್ದು ನೋಡಿ ಮನಸ್ಸು ತಡೆಯದೆ ಮರಿಹುಳ ತಂದರು. ಆ ಎರಡು ವಾರ ಇವರು ಅಕ್ಕನ ಮನೆ ಕಡೆ ಹೋಗಿರಲಿಲ್ಲ, ಅದು ಇವರಿಗೆ ತಿಳಿಯಲಿಲ್ಲ.

ನಾಲ್ಕನೇ ಜ್ವರ ಎದ್ದು, ಕೊನೆಯ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದ ಹುಳುಗಳು. ಇನ್ನೊಂದು ವಾರ ಕಳೆದಿದ್ದರೆ ಗೂಡು ಕಟ್ಟುತ್ತಿದ್ದವು. ಹೊಗೆ ಕುಡಿದ ಸೊಪ್ಪು ತಿಂದು ತಲೆ ಎತ್ತಿ ಅತ್ತಿತ್ತ ಆಡಿಸಿ, ಹಸಿರು ನೀರು ಕಕ್ಕಿ, ಎರಡೇ ದಿನಕ್ಕೆ ಎಲ್ಲ ಹೋದವು. ಕುಕ್ಕೆಗೆ ತುಂಬಿ ಗುಂಡಿಗೆ ಸುರಿದವಳು ನೀನೇ. ಅವತ್ತು ಮನೆಗೆ ಬಂದು ಅಪ್ಪನ ಮುಂದೆ ಕೈ ಚಾಚಿ ‘ವಾಸನೆ ನೋಡಿ’ ಎಂದೆ. ಮಾರನೇ ದಿನವೇ ಬಟ್ಟೆ ಕಟ್ಟಿಕೊಂಡು ಚಿಂತಾಮಣಿಗೆ ಹೋದೆ.

ಊರು ಏನನ್ನುತ್ತದೆ ಎಂಬುದು ನನ್ನ ಕಿವಿಗೂ ಬಿದ್ದಿದೆ. ಲೇಔಟಿಗೆ ಅಂಟಿಕೊಂಡಿರುವ ಅತ್ತಿಗೆಯ ಒಂದೂವರೆ ಎಕರೆ ಬೇಕಾಗಿತ್ತು, ಕೇಳಿ ಕೇಳಿ ಸಾಕಾಗಿ ಬೇಕೆಂದೇ ಹೊಗೆ ಹಾಕಿಸಿದ ಎನ್ನುತ್ತಾರೆ. ಜಾಗ ಕೇಳುತ್ತಿದ್ದುದು ನಿಜ. ಭಾನುವಾರ ಭಾನುವಾರ ಹೋಗಿ ಕೇಳುತ್ತಿದ್ದರು, ಅತ್ತಿಗೆ ಮುದ್ದೆ ಬಡಿಸಿ, ಇಲ್ಲ ಅಂದು ಕಳಿಸುತ್ತಿದ್ದರು. ಆದರೆ ತಾಯಿ ಸತ್ತಾಗ ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ ಅವರು. ಅವರ ಹುಳದ ಮನೆಗೆ ಗೊತ್ತಿದ್ದೂ ಹೊಗೆ ಬಿಡುವ ಮನುಷ್ಯ ಅಲ್ಲ ನಿಮ್ಮಪ್ಪ. ಇದನ್ನು ನಿನಗೆ ಎಷ್ಟು ಸಲ ಹೇಳಲಿ.

‘ಅತ್ತೆ ಬೆಳಿಗ್ಗೇನೇ ಹೇಳಿ ಕಳ್ಸಿದ್ರಂತೆ, ಅಪ್ಪ ಕೇಳ್ಳಿಲ್ಲ. ಅತ್ತೆ ಸುಳ್ಳು ಹೇಳ್ತಾರಾ?’ ಎಂದು ನೀನು ಕೇಳಿದ್ದೆ. ಅತ್ತಿಗೆ ಸುಳ್ಳು ಹೇಳುವವರಲ್ಲ. ಯಾರೂ ಹೇಳಲಿಲ್ಲ ಎಂದು ನಿಮ್ಮಪ್ಪ ಹೇಳುವುದೂ ಸುಳ್ಳಲ್ಲ. ಅದು ಹೇಗೆ ಎಂದು ನನ್ನನ್ನು ಕೇಳಬೇಡ. ನನ್ನ ಮೇಲೆ ನಂಬಿಕೆ ಇದ್ದರೆ ಒಪ್ಪಿಕೋ.

ನಿಮ್ಮಪ್ಪ ಈಗ ಅಕ್ಕನ ಊರಿನ ರಸ್ತೆಗೇ ಹೋಗುವುದಿಲ್ಲ. ಶಿಡ್ಲಘಟ್ಟಕ್ಕೆ ಹೋಗಬೇಕಾದರೂ ಸುತ್ತು ಹಾಕಿಕೊಂಡು ಹೋಗುತ್ತಾರೆ. ಅತ್ತಿಗೆ ಹುಳದ ಮನೆಗೆ ಬೀಗ ಹಾಕಿದ ಸುದ್ದಿ ಕೇಳಿ ಎರಡು ದಿನ ಊಟ ಬಿಟ್ಟರು. ದಾನ ಮಾತ್ರ ಮೊದಲಿಗಿಂತ ಜಾಸ್ತಿಯಾಗಿದೆ, ಕೇಳಿದವರಿಗೆ ಕೇಳಿದ್ದು. ಮೊನ್ನೆ ಯಾರೋ ಶಾಲು ಹೊದಿಸಲು ಬಂದರೆ ಬೇಡಪ್ಪ ಎಂದು ಒಳಗೆ ಹೋಗಿಬಿಟ್ಟರು. ನಾನು ಆ ಶಾಲು ಹಿಡಿದುಕೊಂಡು ಬಂದವರಿಗೆ ಕಾಫಿ ಕೊಟ್ಟೆ. ಇಷ್ಟು ದೊಡ್ಡ ಮನೆಯಲ್ಲಿ ಅವರ ಎದುರು ಕೂರಲು ನನಗೆ ಭಯವಾಗುತ್ತದೆ, ತನು. ಏನು ಮಾಡಬೇಕೆಂದು ತೋಚುವುದಿಲ್ಲ.

ಇಪ್ಪತ್ಮೂರಕ್ಕೆ ಅತ್ತೆಯ ಅಂಗಳದಲ್ಲಿ ಚಪ್ಪರ ಎಂದು ಬರೆದಿದ್ದೀಯ. ನಿಮ್ಮಪ್ಪನನ್ನು ಕರಿ. ಹಸೆಮಣೆಯ ಹತ್ತಿರ ಕೂರಿಸದಿದ್ದರೂ ಸರಿ, ಕೊನೆಯ ಸಾಲಿನಲ್ಲಿ ಕೂತು ನೋಡಿಕೊಂಡು ಬರುತ್ತಾರೆ. ನೀನು ಒಂದು ಮಾತು ಹೇಳಿದರೆ ಅತ್ತಿಗೆ ಬೇಡವೆನ್ನುವುದಿಲ್ಲ. ನಾನು ಹೇಳಬಹುದಿತ್ತು, ಆದರೆ ಅವರ ಮುಖ ನೋಡಲು ನನ್ನಿಂದ ಆಗುವುದಿಲ್ಲ.

ಹೊಟ್ಟೆ ತುಂಬ ಊಟ ಮಾಡು. ಮದುವೆ ಹತ್ತಿರ ಬಂದಾಗ ಬಿಸಿಲಲ್ಲಿ ಸುತ್ತಬೇಡ.

ನಿನ್ನನ್ನು ಕ್ಷಣಕ್ಷಣವೂ ನೆನೆಯುವ
ಅಮ್ಮ,
ಶಾಂತಕುಮಾರಿ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕವರು ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಅವತ್ತು ಬೆಳಿಗ್ಗೆ ಅತ್ತಿಗೆ ಫೋನು ಮಾಡಿದ್ದು ನನಗೆ. “ಶಾಂತಮ್ಮ, ತಮ್ಮಯ್ಯ ಫೋನ್ ಎತ್ತಾ ಇಲ್ಲ. ಉಳ ಇಕ್ಕಿದೀನಿ, ನಾಲ್ಕನೇ ಜ್ವರ ಎದ್ದವೆ. ಹೊಗೆ ಗಾಡಿ ನಮ್ಮ ಕಡೀಕೆ ಬರದಂಗೆ ನೋಡ್ಕಳ್ಳಕ್ಕೆ ಹೇಳಮ್ಮಾಯಿ” ಅಂದರು. ಹೇಳ್ತೀನಿ ಬಿಡಿ ಅತ್ತಿಗೆ ಎಂದೆ. ಇವರು ನಡುಮನೆಯಲ್ಲೇ ಇದ್ದರು, ಹತ್ತು ಹೆಜ್ಜೆ ದೂರ. ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಒಂದು ಬೆಳೆ ಹೋದರೆ ಮಾರಿಬಿಡುತ್ತಾರೆ, ಇವರು ಪ್ರತಿ ಭಾನುವಾರ ಅಕ್ಕನ ಮುಂದೆ ಕೈಕಟ್ಟಿ ನಿಂತು ಮುಖ ಸಣ್ಣಗೆ ಮಾಡಿಕೊಂಡು ಬರುವುದು ತಪ್ಪುತ್ತದೆ ಎಂದುಕೊಂಡೆ. ಇವರಿಗೆ ಕಾಫಿ ಕೊಟ್ಟು ಒಳಗೆ ಬಂದೆ.

ಅಕ್ಕ ಯಾರ ಹತ್ತಿರ ಹೇಳಿ ಕಳಿಸಿದ್ದಳಂತೆ ಎಂದು ಅವರು ನನ್ನನ್ನು ಒಂದೇ ಸಲ ಕೇಳಿದರು. ಗೊತ್ತಿಲ್ಲ ಎಂದೆ. ಅತ್ತಿಗೆ ಈವರೆಗೆ ನನ್ನ ಹೆಸರು ಎತ್ತಿಲ್ಲ, ನಾನು ಹೇಳಿರುತ್ತೇನೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇಲ್ಲ. ಏಳು ತಿಂಗಳಾಯಿತು. ದಿನಾ ಹೇಳೋಣವೆಂದು ಹತ್ತಿರ ಹೋಗುತ್ತೇನೆ, ಮಾತ್ರೆ ಕೊಟ್ಟು ವಾಪಸ್ಸು ಬರುತ್ತೇನೆ.

ಅತ್ತೆಗೆ ಓದು ಬರುವುದಿಲ್ಲ, ಇದನ್ನು ನೀನೇ ಓದಿ ಹೇಳು. ಆಮೇಲೆ ಇನ್ನೊಂದು ಲಗ್ನಪತ್ರಿಕೆ ಕಳಿಸು. ಕವರಿನ ಮೇಲೆ ನಿಮ್ಮಪ್ಪನ ಹೆಸರು ಮಾತ್ರ ಬರಿ.