ಡಬ್ಬಿಯೊಳಗಿನ ಕಡಲು

ಕಿರಿಮಂಜೇಶ್ವರ
12-9-2004, ಆದಿತ್ಯವಾರ

ಮಗಳೇ ದಿವ್ಯಾ,

ನಿನ್ನ ಕಾಗದ ಆಸಾಡಿ ತಿಂಗಳಲ್ಲೇ ಬಂದಿತ್ತು. ಪೋಸ್ಟಿನವನು ಮಳೆಗೆ ಒದ್ದೆಯಾಗದ ಹಾಗೆ ಅಂಗಿಯೊಳಗೆ ಇಟ್ಟುಕೊಂಡು ತಂದು ಕೊಟ್ಟಿದ್ದ. ನಾನು ಉತ್ತರ ಬರೆಯಲು ಕುಳಿತದ್ದು ಈಗ. ಬ್ರಹ್ಮಾವರದ ತವರಿನಲ್ಲಿ ನೀನು ದಾರಿ ನೋಡಿ ನೋಡಿ, ಅತ್ತೆಗೆ ಸಿಟ್ಟು ಬಂದಿದೆ ಎಂದುಕೊಂಡಿರುತ್ತೀ. ಸಿಟ್ಟಿಲ್ಲ ಮಾರಾಯ್ತಿ. ಸಿಟ್ಟು ಬರಬೇಕಾದರೂ ಒಳಗೆ ಸ್ವಲ್ಪ ಬಿಸಿ ಬೇಕಲ್ಲ, ಅದು ನನ್ನಲ್ಲಿ ಇಲ್ಲ. ತಡ ಮಾಡಿದ್ದು ತಪ್ಪು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇಲ್ಲಿ ನಿನ್ನ ಮಾವ, ನವ್ಯ, ನಾನು ಮೂವರೂ ಹೊತ್ತಿಗೆ ಉಂಡು, ಮಲಗಿ, ಏಳುತ್ತಿದ್ದೇವೆ. ಕಾಗದದಲ್ಲಿ ಅದಕ್ಕೆ ಕ್ಷೇಮ ಎನ್ನುತ್ತಾರೆ. ನಿನ್ನ ನಾದಿನಿಗೆ ಈ ವರ್ಷ ಬಿ.ಕಾಂ. ಕೊನೆಯದು. ನಾನು ಮೊದಲಿನ ಹಾಗೇ ಬುಟ್ಟಿ ಹೊತ್ತು ತಲ್ಲೂರಿಗೆ ಹೋಗಿ ಮೀನು ಮಾರಿ ಬರುತ್ತೇನೆ. ಬಾಯಿ ತನ್ನಷ್ಟಕ್ಕೆ ರೇಟು ಹೇಳುತ್ತದೆ, ಕೈ ತನ್ನಷ್ಟಕ್ಕೆ ಕೊಯ್ಯುತ್ತದೆ. ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆನಂತೆ. ನವ್ಯ ಮುಖ ಕಿವುಚಿದಳು. ಉಂಡೆದ್ದ ನನಗೆ ಗೊತ್ತೇ ಆಗಿರಲಿಲ್ಲ. ಐಸಿನಲ್ಲಿ ಮೀನು ತುಂಬಿಸಿ ಎದ್ದ ಮೇಲೆ ಕೈ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ನಾನು ಇಡೀ ಹಾಗಾಗಿದ್ದೇನೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿರುವ ಜಿತೇಂದ್ರ ಎನ್ನುವ ಹುಡುಗ ನಿನ್ನನ್ನು ಕೇಳಿಕೊಂಡು ಬಂದಿದ್ದಾನೆ, ಅಪ್ಪ ಅಮ್ಮ ಒಪ್ಪಿದ್ದಾರೆ, ನವರಾತ್ರಿಯೊಳಗೆ ಮಾತು ಕೊಡಬೇಕು, ಆದರೆ ಅತ್ತೆ 'ಆಗಬಹುದು' ಎಂದರೆ ಮಾತ್ರ ನಾನು ಹೂಂ ಅನ್ನುವುದು ಎಂದು ನೀನು ಬರೆದಿದ್ದೆ. ನಮ್ಮವರಲ್ಲಿ ಇದಕ್ಕೆ ಅಡ್ಡಿ ಹೇಳುವವರು ಯಾರೂ ಇಲ್ಲ. ನನ್ನ ಮಗ ರತನ್, ಗಂಗೊಳ್ಳಿಯ ಅಳಿವೆಯಲ್ಲಿ ಕಡಲ ಪಾಲಾದಾಗ ನಿಮ್ಮ ಮದುವೆಯಾಗಿ ಒಂದೂವರೆ ವರ್ಷ. ಕಡಲು ಅವನ ಮೈಯನ್ನೂ ಹಿಂದೆ ಕೊಡಲಿಲ್ಲ. ದರ್ಭೆಯ ಗೊಂಬೆ ಮಾಡಿ ಕರ್ಮ ಮುಗಿಸಿದೆವು. ಇಷ್ಟು ಚಿಕ್ಕ ಹೆಣ್ಣನ್ನು ಹೀಗೇ ಇರು ಎನ್ನಲು ನಾನು ರಾಕ್ಷಸಿಯೇ? ಆಗಲಿ ಎನ್ನುವ ಮೂರಕ್ಷರ ಬರೆದು ಮಾರನೇ ದಿನವೇ ಪೋಸ್ಟಿಗೆ ಹಾಕಬಹುದಿತ್ತು. ಹಾಕಲಿಲ್ಲ. ಯಾಕೆಂದು ಹೇಳಿದರೆ ನಗುತ್ತೀ.

ರತನ್ ಬೊಂಬಾಯಿಯ ಕ್ಯಾಂಟೀನು ಬಿಟ್ಟು ಬರುವಾಗ ಹೊತ್ತು ತಂದ ಕಂಪ್ಯೂಟರ್ ಇದೆಯಲ್ಲ, ನಿನ್ನ ಮಾವ 'ಡಬ್ಬಿ' ಎನ್ನುವುದು, ಅದು ನಿಮ್ಮ ಕೋಣೆಯಲ್ಲೇ ಇದೆ. ನಿನ್ನ ಕಾಗದ ಬಂದ ವಾರವೇ ನವ್ಯ ಕಾಲೇಜಿನ ಏನೋ ಟೈಪ್ ಮಾಡಲೆಂದು ಅದನ್ನು ಹಾಕಿದಳು. ಹಾಗೇ ಆ ಆಟವನ್ನೂ ತೆರೆದಳು. ನೀವಿಬ್ಬರೂ ಮಂಡೆಗೆ ಮಂಡೆ ತಾಗಿಸಿ ಕುಳಿತು ಆಡುತ್ತಿದ್ದ ನೀರೊಳಗಿನ ಆಟ. ಆಗ ನಾನು ಬಾಗಿಲಲ್ಲಿ ನಿಂತು, ಊಟಕ್ಕೆ ಬರುತ್ತೀರೋ ಇಲ್ಲ ಬಟ್ಟಲು ಅಲ್ಲಿಗೇ ತರಲೋ ಎಂದು ಬೈದದ್ದು ಬಿಟ್ಟರೆ ಪರದೆಯ ಕಡೆ ಸರಿಯಾಗಿ ನೋಡಿದವಳೇ ಅಲ್ಲ. ಈ ಸಲ ನೋಡಿದೆ.

ದಿವ್ಯಾ, ನಾನು ಹುಟ್ಟಿದಂದಿನಿಂದ ಕಡಲ ಬದಿಯವಳು. ಆದರೂ ಕಡಲಿನ ಬುಡ ಹೇಗಿರುತ್ತದೆಂದು ನೋಡಿದ್ದು ಅವತ್ತೇ ಮೊದಲು. ಮೇಲಿಂದ ಬಿಸಿಲು ಕೋಲು ಕೋಲಾಗಿ ಇಳಿಯುತ್ತದೆ. ಹುಲ್ಲು ಆಚೆ ಈಚೆ ಬಳುಕುತ್ತದೆ. ಹಳದಿ ಪಟ್ಟೆಯ, ನೀಲಿ ಬಾಲದ ಮೀನುಗಳು, ಸಂತೆಗೆ ಒಯ್ದರೆ ಒಂದನ್ನೂ ಯಾರೂ ಕೊಳ್ಳಲಿಕ್ಕಿಲ್ಲ. ಅಷ್ಟು ಚಂದ ಇತ್ತು. ಅವನಿರುವ ಜಾಗವೂ ಹೀಗೇ ಇದ್ದರೆ ಪರವಾಗಿಲ್ಲ ಎಂದು ಅನ್ನಿಸಿತು. ಅನ್ನಿಸಿದ್ದಕ್ಕೆ ಕಣ್ಣಲ್ಲಿ ನೀರಾದರೂ ಬರಬೇಕಿತ್ತು, ಬರಲಿಲ್ಲ.

ನವ್ಯ ತೋರಿಸಿದಳು: ರತನ್ ಆಡಿ ನಿಲ್ಲಿಸಿದ ಜಾಗ ಅವನ ಹೆಸರಲ್ಲೇ ಉಳಿದಿದೆ. ಮುಳುಗಿದ ಹಡಗಿನ ಹೊಟ್ಟೆಯೊಳಗೆ ಒಂದು ಕತ್ತಲ ಕಂಡಿ. ಆಟದಲ್ಲಿ ಮುಳುಗುವವನು ಉಸಿರು ಮುಗಿಯುವುದರೊಳಗೆ ಅದನ್ನು ತೂರಿ ಆಚೆ ಹೋಗಬೇಕು. "ಅಣ್ಣನಿಗೂ ಅತ್ಗೆಗೂ ಇಲ್ಲೇ ಕೈಕೊಟ್ಟದ್ದ್" ಎಂದಳು. ನನಗೆ ಒಂದು ಹುಚ್ಚು ಹಿಡಿಯಿತು. ಅವನು ಅರ್ಧಕ್ಕೆ ಬಿಟ್ಟದ್ದನ್ನು ದಾಟಿಸಬೇಕು, ಆಮೇಲೆ ನಿನಗೆ ಆಗಲಿ ಎಂದು ಬರೆಯಬೇಕು. ಅವನನ್ನು ಆ ಕಂಡಿಯಲ್ಲೇ ಬಿಟ್ಟು ನಿನ್ನನ್ನು ಇನ್ನೊಂದು ಮನೆಗೆ ಕಳಿಸಲು ನನ್ನ ಕೈ ಮುಂದೆ ಹೋಗಲಿಲ್ಲ. ಯಾವ ಭಟ್ಟರೂ ಹೇಳಿಕೊಟ್ಟದ್ದಲ್ಲ, ನಾನೇ ಮಾಡಿಕೊಂಡ ಹರಕೆ.

ಗುಂಡಿ ಒತ್ತಲು ಕಲಿಯುತ್ತಾ ಕುಳಿತಿದ್ದೆ. ಮಾವ ಬಾಗಿಲಿಗೆ ಬಂದರು.

"ಹ್ವಾಯ್, ಎಂತ ಮಾಡ್ತಿದ್ದೆ ಡಬ್ಬಿ ಮುಂದೆ ಕೂಕಂಡ್?"

"ಕಡ್ಲಿಗ್ ಇಳಿತಿದ್ದೆ" ಎಂದೆ.

ಪರದೆಯನ್ನು ನೋಡಿದರು. ನಗುತ್ತಾರೆ ಎಂದುಕೊಂಡೆ. "ಮಳೆಗಾಲದಾಗ್ ಯಾರಾರೂ ಕಡ್ಲಿಗ್ ಇಳಿತ್ರಾ? ನೂಲ ಹುಣ್ಮಿ ಕಳಿಲಿ. ಕಾಯಿ ಬಿಡದೆ ಅದನ್ನ ಮುಟ್ಟೂಕಾಗ" ಎಂದು ಹೇಳಿ ಹೋಗಿಯೇ ಬಿಟ್ಟರು. ನವ್ಯ ಬಿದ್ದು ಬಿದ್ದು ನಕ್ಕಳು. ನಾನು ಮಾತ್ರ ಡಬ್ಬಿ ಆರಿಸಿ ಬಟ್ಟೆ ಮುಚ್ಚಿದೆ. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಶ್ರಾವಣದ ಹುಣ್ಣಿಮೆಯಲ್ಲಿ ಕಡಲಿಗೆ ಹಾಲು, ಕಾಯಿ ಬಿಡದೆ ನಮ್ಮಲ್ಲಿ ಯಾರು ಇಳಿದಿದ್ದಾರೆ? ನಿನ್ನ ಉತ್ತರ ತಡವಾದದ್ದು ಹೀಗೆ. ಮಳೆ ಸುರಿಯಿತು, ನಾವು ಕಾದೆವು. ನಡುವೆ ಒಮ್ಮೆ ನವ್ಯ, "ಅತ್ಗೆಗೆ ಒಂದ್ ಫೋನಾರೂ ಮಾಡಮ್ಮ" ಎಂದಳು. ಫೋನಿನಲ್ಲಿ ಏನು ಹೇಳಲಿ, ಕಂಪ್ಯೂಟರಿನ ಕಡಲು ಇನ್ನೂ ತೆರೆದಿಲ್ಲ ಎಂದೇ?

ಹುಣ್ಣಿಮೆಯ ದಿನ ಮಾವ ಎಲ್ಲರ ಜೊತೆ ಕಡಲಿಗೆ ಹೋಗಿ ಕಾಯಿ ಬಿಟ್ಟು ಬಂದರು. ಕಾಲು ತೊಳೆದು ಸೀದಾ ನಿಮ್ಮ ಕೋಣೆಗೆ ಹೋಗಿ, ಬಟ್ಟೆ ಸರಿಸಿ, ಡಬ್ಬಿಯ ಹಣೆಗೆ ಕುಂಕುಮ ಇಟ್ಟರು. "ಇನ್ ಇಳಿ" ಎಂದರು.

ಅಂದಿನಿಂದ ತಲ್ಲೂರಿನಿಂದ ಬಂದು ಮಿಂದು ಉಂಡ ಮೇಲೆ ಮಧ್ಯಾಹ್ನವೆಲ್ಲ ಅದೇ ಕೆಲಸ. ಮಾವ ಬಲೆಯ ಕೆಲಸ ಬಿಟ್ಟು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು. ಒಂದು ಕಾಲದಲ್ಲಿ ದೋಣಿ ನಡೆಸಿದ ತಾಂಡೇಲ ತಾನೇ, ಹೇಳಿಕೊಡದೆ ಇದ್ದಾರೆಯೇ? ಪರದೆಯಲ್ಲಿ ಮೀನಿನ ಗುಂಪು ಕಂಡರೆ ಸಾಕು, "ಎಡಕ್ಕೆ, ಎಡಕ್ಕೆ! ಬಂಗ್ಡಿ ಮೀನ್ ಹಾಂಗೆ ತಿರುಗ್ತಿತ್ತ್ ಕಾಣ್. ಬಿಡ್ಬೇಡ, ಹಿಂದೇ ಹೋಗ್!" ನಾನೂ ಎಂಥ ಹೆಂಗಸು ನೋಡು, ಮೀನು ಕಂಡರೆ ನನ್ನ ಕಣ್ಣೂ ಅಲ್ಲಿಗೇ ಹೋಗುತ್ತದೆ. ಹಿಂದೆ ಹೋಗಿ ಹೋಗಿ ಉಸಿರು ಮುಗಿಯುತ್ತಿತ್ತು. ನವ್ಯ ಮನೆಯಲ್ಲಿದ್ದರೆ ಕೂಗುವಳು, "ಅಮ್ಮ, ಉಸಿರ್ ಕಾಣ್, ಮೀನ್ ಕಾಂಬುದಲ್ಲ! ಈ ಆಟದಾಗೆ ಮೀನ್ ಹಿಡುಕಿಲ್ಲ!" ಹಾಗಾದರೆ ಕಡಲಲ್ಲಿ ಮೀನು ಯಾಕಿದೆ ಎಂದು ಮಾವ ಅವಳ ಹತ್ತಿರ ಜಗಳ.

ಉಸಿರು ಮುಗಿದರೆ ಏನಾಗುತ್ತದೆಂದು ನಿನಗೆ ಗೊತ್ತು. ಅವನು ಒಮ್ಮೆ ಕೈಕಾಲು ಬಡಿಯುತ್ತಾನೆ. ಆಮೇಲೆ ಸಡಿಲಾಗಿ, ಕೈ ಅಗಲಿಸಿ, ನಿಧಾನ ಕೆಳಗೆ ಹೋಗುತ್ತಾನೆ. ಸುತ್ತ ಅದೇ ಚಂದದ ಬೆಳಕು. ನಾನು ಮತ್ತೆ ಒತ್ತುತ್ತಿದ್ದೆ, ಅವನು ಮತ್ತೆ ಹಡಗಿನ ಬಾಗಿಲಲ್ಲಿ ನಿಂತಿರುತ್ತಿದ್ದ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಏನೂ ಆಗುತ್ತಿರಲಿಲ್ಲ. ಏನೂ ಆಗದಿರುವುದೇ ಹೆದರಬೇಕಾದ ವಿಷಯ ಎಂದೂ ಹೊಳೆದಿರಲಿಲ್ಲ.

ನಿನ್ನೆ ನವ್ಯ ಕಾಲೇಜಿಗೆ ಹೋಗಿದ್ದಳು. ನಾವಿಬ್ಬರೇ. ನಿನ್ನೆ ಮಾವ ಮೀನು ತೋರಿಸಲಿಲ್ಲ. ಕಂಡಿಯೊಳಗೆ ಹೊಕ್ಕೆ. ಯಾವತ್ತೂ ಹೋಗದಷ್ಟು ಮುಂದೆ ಹೋದೆ. ಆಚೆ ತುದಿಯ ಬೆಳಕೂ ಕಂಡಿತು. ದಾಟಿದರೆ ಸಂಜೆಯ ಪೋಸ್ಟಿಗೇ ಕಾಗದ ಹಾಕುವ ಎಂದು ಮನಸ್ಸಿನಲ್ಲಿ ಸಾಲು ಕೂಡ ಮಾಡಿಕೊಂಡೆ. ಅಷ್ಟರಲ್ಲಿ ಅವನು ಕೈಕಾಲು ಬಡಿದ. ಸಡಿಲಾದ. ಕೆಳಗೆ ಹೋದ.

ನಾನು ಮತ್ತೆ ಒತ್ತಲು ಬೆರಳು ಇಟ್ಟೆ. ಮಾವ ನನ್ನ ಕೈ ಹಿಡಿದರು.

"ಸಾಕ್ ಮಾರಾಯ್ತಿ. ಇನ್ನೆಷ್ಟ್ ಸಲ ಮುಳುಗ್ಸ್ತೆ ಅವ್ನ? ಮೇಲ್ ಬಪ್ಪುಕೆ ಬಿಡ್."

ದಿವ್ಯಾ, ರತನ್ ಹೋದ ಮೇಲೆ ನಿನ್ನ ಮಾವ ಅವನ ಬಗ್ಗೆ ಒಂದು ಮಾತೂ ಆಡಿದವರಲ್ಲ. ಕರ್ಮದ ದಿನವೂ ಭಟ್ಟರು ಹೇಳಿದ್ದಕ್ಕೆ ತಲೆ ಆಡಿಸಿದರು, ಅಷ್ಟೇ. ನಾನು ಅವರ ಮುಖ ನೋಡಲಿಲ್ಲ. ಒತ್ತಿದೆ. ಅವನು ಹಡಗಿನ ಬಾಗಿಲಲ್ಲಿ ನಿಂತಿದ್ದ. ಕಂಡಿಯ ಕಡೆ ತಿರುಗಿಸಲಿಲ್ಲ, ಮೇಲಕ್ಕೆ ಒತ್ತಿ ಹಿಡಿದೆ. ಹುಲ್ಲು, ಮೀನು, ಬಿಸಿಲಿನ ಕೋಲು ಎಲ್ಲ ಕೆಳಗೆ ಹೋದವು. ತಲೆ ನೀರಿನ ಮೇಲೆ ಬಂತು. ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. ಅವನು ಉಸಿರಾಡುವುದು ಕೇಳಿಸಿತು. ಇಬ್ಬರೂ ನೋಡುತ್ತಾ ಕುಳಿತೆವು. ಆಮೇಲೆ ಮಾವ ಎದ್ದು ಬಾವಿಕಟ್ಟೆಗೆ ಹೋಗಿ ಮುಖ ತೊಳೆದರು. ತುಂಬಾ ಹೊತ್ತು ತೊಳೆದರು. ನಾನು ಡಬ್ಬಿ ಆರಿಸಿದೆ.

ಹಾಗಾಗಿ ಕಂಡಿ ದಾಟಲಿಲ್ಲ. ಇನ್ನು ದಾಟಿಸಲು ಹೋಗುವುದೂ ಇಲ್ಲ. ನನ್ನ ಹುಚ್ಚು ಹರಕೆಗೆ ನಿನ್ನನ್ನು ಇಷ್ಟು ದಿನ ಕಾಯಿಸಿದೆ. ನೀನು ಜಿತೇಂದ್ರನನ್ನು ಮದುವೆಯಾಗು. ಅತ್ತೆ ಬಾಯಿ ಮಾತಿಗೆ ಹೇಳುತ್ತಿದ್ದಾಳೆ ಎಂದು ತಿಳಿಯಬೇಡ. ಮಾವನ ಹತ್ತಿರ ಏನಾದರೂ ಬರೆಯಬೇಕೇ ಎಂದು ಕೇಳಿದೆ. "ಹೆಣ್ಣಿಗ್ ಒಳ್ಳೇದಾಯ್ಲಿ ಅಂತ ಬರಿ. ಗಂಡ್ ಕಡ್ಲಿಗ್ ಹೋಪುದಿಲ್ಲ ಅಲ್ದಾ, ಅಷ್ಟೇ ಸಾಕ್" ಎಂದರು.

ಮದುವೆಯಲ್ಲಿ ತಲೆ ತುಂಬ ಮಲ್ಲಿಗೆ ಮುಡಿ, ನನ್ನನ್ನು ನೆನೆದು ಕಮ್ಮಿ ಮಾಡಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ, ಕಟ್ಟಿಕೊಂಡವನು ದಿನಾ ಸಂಜೆ ಮನೆಗೆ ಬರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ.

ನಿನ್ನ ಅತ್ತೆ,
ಸರಸ

ಇನ್ನೊಂದು ಮಾತು: ಮೇಲೆ 'ನಿನ್ನ ಅತ್ತೆ' ಎಂದು ಬರೆದ ಮೇಲೆ ಕೈ ನಿಂತುಬಿಟ್ಟಿತು. ಆ ಮನೆಯಲ್ಲೂ ಒಬ್ಬರು ಅತ್ತೆ ಇರುತ್ತಾರೆ. ಅವರನ್ನು ಹಾಗೆ ಕರೆಯಬೇಕಾದದ್ದೇ, ಬಾಯಿ ತುಂಬ ಕರಿ. ನನ್ನನ್ನು ಹಾಗೆ ಕರೆಯಲು ಇದ್ದವಳು ನೀನೊಬ್ಬಳು. ಮಗ ಹೋದ ಮೇಲೂ ನೀನು ಅಡುಗೆಮನೆಯಿಂದ ಒಂದು ಸಲ ಕೂಗಿದರೆ, ಅವನು ಇದ್ದದ್ದು ನಿಜ ಎಂದು ನನಗೆ ಅನ್ನಿಸುತ್ತಿತ್ತು. ಮುಂದೆ ಯಾವತ್ತಾದರೂ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತು ನಾನು ಎದುರಿಗೆ ಬಂದರೆ ಏನೆಂದು ಕರೆಯುತ್ತೀ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ನಿನ್ನ ಗಂಡ ಪಕ್ಕದಲ್ಲಿರುತ್ತಾನೆ, ನಿನಗೆ ನಾಚಿಕೆಯಾಗಬಹುದು. ಹೆಸರು ಹಿಡಿದು ಕರೆದರೂ ನನಗೆ ಬೇಸರವಿಲ್ಲ. ಕರೆಯದೆ ಮಾತ್ರ ಹೋಗಬೇಡ.