ಬಾವಿಕಟ್ಟೆಯ ಮೇಲೆ ಹೇಳಿದ್ದು

ಡಂಬಳ
ತಾ. ೧೦ ಏಪ್ರಿಲ್ ೧೯೫೭

ಬೆಟಗೇರಿಯಲ್ಲಿರುವ ನನ್ನ ಅವ್ವನಿಗೆ,

ದೇವವ್ವನ ವಂದನೆ. ನಿನ್ನ ಕಾಗದ ಸೋಮವಾರ ಮುಟ್ಟಿತು. ಶುಭ ಶುಕ್ರವಾರದ ದಿನ ನಾನು ಇಡೀ ಸಭೆಯ ಮುಂದೆ ಎದ್ದು ನಿಂತು ತಪ್ಪು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಒಂದು ವರ್ಷ ಕರ್ತನ ಭೋಜನದ ರೊಟ್ಟಿಯೂ ದ್ರಾಕ್ಷಾರಸವೂ ನನಗಿಲ್ಲ ಎಂದು ಸಭಾ ಹಿರಿಯರಾದ ಗೋಣೆಪ್ಪನವರು ಹೇಳಿದ್ದನ್ನು ಬರೆದಿರುವೆ. ಎರಡು ನಿಮಿಷದ ಮಾತು, ನಿಂತುಬಿಡು ಎಂದೂ ಬರೆದಿರುವೆ.

ನಾನು ನಿಲ್ಲುವುದಿಲ್ಲ ಅವ್ವಾ.

ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ನಾಲ್ಕು ಜನ ಕೂಡಿದರೆ ನನ್ನ ಬಾಯಿ ಕಟ್ಟುತ್ತದೆ, ಅದು ನಿನಗೆ ಗೊತ್ತು. ಆದರೆ ಇದು ಹೆದರಿ ಹೇಳುವ ಮಾತಲ್ಲ.

ನನ್ನ ತಪ್ಪನ್ನು ಸಣ್ಣದು ಮಾಡುವುದೂ ಇಲ್ಲ. ಶಂಕ್ರೆವ್ವ ನನಗೆ ಬಾಡಿಗೆಗೆ ಕೋಣೆ ಕೊಡುವಾಗ ಹೆಸರು ಕೇಳಿದರು, ಹೇಳಿದೆ. ಆ ಹೆಸರಿನ ಮೇಲೆ ನಾನು ತಮ್ಮ ಜಾತಿಯವಳೇ ಎಂದು ಅವರೇ ತಿಳಿದುಕೊಂಡರು, ನಾನು ತಿದ್ದಲಿಲ್ಲ. ಅವರ ಬಾವಿಯ ನೀರು ಸೇದಿದೆ. ರಾಜ್ಯ ಒಂದಾದ ದಿನದ ಮೆರವಣಿಗೆಗೆ ಶಾಲೆಯ ಹುಡುಗಿಯರ ಜಂಪರ ಹೊಲಿದ ಮೇಲೆ ಕೈತುಂಬ ಕೆಲಸವೂ ಬಂತು. ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಜನವರಿಯ ಸಂತೆಯ ದಿನ ನೀನು ಸುವಾರ್ತೆಯ ಪುಸ್ತಕಗಳ ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಓಣಿಗೇ ಬಂದೆ. ಬಾವಿಗೆ ಹಗ್ಗ ಬಿಟ್ಟಿದ್ದ ನನ್ನನ್ನು ಕಂಡು ನಿನ್ನ ಮುಖ ಅರಳಿತು.

"ಪುಸ್ತಕದಾಕಿ ನಿನ್ನ ನೋಡಿ ನಗಾಕತ್ಯಾಳಲ್ಲs, ನಿಮ್ಮಾಕಿ ಏನು?" ಎಂದು ಶಂಕ್ರೆವ್ವ ಕೇಳಿದರು.

"ಯಾರೋ ಏನೋ, ನನಗ ಗುರ್ತಿಲ್ಲರಿ" ಎಂದೆ. ಕೊಡ ತುಂಬುವವರೆಗೂ ತಲೆ ಎತ್ತಲಿಲ್ಲ.

ಫೆಬ್ರವರಿಯಲ್ಲಿ ನಾನಾಗಿಯೇ ಬೆಟಗೇರಿಗೆ ಬಂದು ಗೋಣೆಪ್ಪನವರಿಗೆ ಇದನ್ನು ಹೇಳಿದೆ. ಯಾರೂ ನನ್ನನ್ನು ಹಿಡಿದು ತರಲಿಲ್ಲ. "ಸಭಾದ ಮಾನ ಹೋತಲ್ಲವಾ! ಮಂದಿ ಕಿವಿಗೆ ಬಿದ್ದರ ಏನಂದಾರು?" ಎಂದರು. ನಿನ್ನ ಎದೆಗೆ ಏನಾಯಿತೆಂದು ಅವರು ಕೇಳಲೇ ಇಲ್ಲ. ಆಗ, ನಾನು ಹೇಳಬೇಕಾದ ಜಾಗ ಇದಲ್ಲ ಎಂದು ನನಗೆ ತಿಳಿಯಿತು.

ಮರುದಿನ ಡಂಬಳಕ್ಕೆ ಬಂದು ಅದೇ ಬಾವಿಕಟ್ಟೆಯ ಮೇಲೆ ನಿಂತೆ. ಐದು ಹೆಂಗಸರಿದ್ದರು. ಹಗ್ಗ ಹಿಡಿದುಕೊಂಡೆ. "ಅವತ್ತ ಬಂದಾಕಿ ನಮ್ಮವ್ವ. ನಾವು ಬೆಟಗೇರಿ ಕ್ರಿಸ್ತಾನರು. ನಾ ಸುಳ್ಳ ಹೇಳಿದ್ದೆ" ಎಂದೆ.

ಶಂಕ್ರೆವ್ವ ಕೊಡ ಕೆಳಗಿಟ್ಟರು. "ನಿನ್ನ ದೇವರು ಯಾರರೆ ಇರ್ಲಿ. ಹಡದಾಕಿನ್ನ ಗುರ್ತಿಲ್ಲ ಅಂದೆಲ್ಲs, ಎಂಥಾ ನಾಲಿಗಿ ಅದು!"

ಗೋಣೆಪ್ಪನವರ ಒಂದು ವರ್ಷದ ಶಿಕ್ಷೆಗಿಂತ ಆ ಮಾತು ಜೋರಾಗಿ ತಾಗಿತು. ಸಂಜೆಯೊಳಗೆ ಕೋಣೆ ಬಿಡಬೇಕಾಯಿತು. ಈಗ ಪಕ್ಕದ ಓಣಿಯ ಲಾಲಬಿ ಅಬ್ಬೆಯ ಪಡಸಾಲೆಯಲ್ಲಿ ನಾನೂ ನನ್ನ ಹೊಲಿಗೆಯ ಮಿಶಿನ್ನೂ ಇದ್ದೇವೆ. "ಅಳೂದು ಆಮ್ಯಾಲ, ಮೊದಲ ನನ್ನ ಮೊಮ್ಮಗಳ ಝಬ್ಲಾ ಮುಗಸು" ಎಂದು ಆ ಮುದುಕಿ ಮೊದಲ ದಿನವೇ ಗದರಿದಳು. ಅರ್ಧ ಗಿರಾಕಿಗಳು ಹೋದರು. ಅರ್ಧ ಉಳಿದಿದ್ದಾರೆ.

ಅವ್ವಾ, ಕರ್ತನ ಗುರುತೇ ಇಲ್ಲವೆಂದು ಪೇತ್ರನು ಮೂರು ಸಲ ಅಂದ, ನಾನು ನಿನ್ನನ್ನು ಒಂದು ಸಲ. ಕರ್ತನು ಅವನನ್ನು ಯಾವ ಸಭೆಯ ಮುಂದೆ ನಿಲ್ಲಿಸಿದ? ದಂಡೆಯ ಮೇಲೆ ಕೆಂಡ ಮಾಡಿ, ಮೀನು ಸುಟ್ಟು, ಬನ್ನಿ ಊಟ ಮಾಡಿರಿ ಎಂದ. ಊಟವಾದ ಮೇಲೆ, ನನ್ನ ಮೇಲೆ ಪ್ರೀತಿ ಉಂಟೋ ಎಂದು ಕೇಳಿದ. ಗೋಣೆಪ್ಪನವರು ಮೊದಲು ಪ್ರಶ್ನೆ ಇಟ್ಟು, ಊಟವನ್ನು ಮುಂದಿನ ವರ್ಷಕ್ಕೆ ಇಟ್ಟಿದ್ದಾರೆ. ನಿನ್ನ ಮಗಳಿಗೆ ಕ್ಷಮೆ ಸಿಕ್ಕಿತೆಂದು ಹ್ಯಾಂಗ ಗೊತ್ತು ಎಂದು ಅವರು ಕೇಳಿದರೆ ಹೇಳು: ಮಾತೇ ಬಾರದ ನನಗೆ ಆ ಬಾವಿಕಟ್ಟೆಯ ಮೇಲೆ ಮಾತು ಬಂತು. ಅದು ನನ್ನ ಶಕ್ತಿಯಲ್ಲ.

ಪುನರುತ್ಥಾನದ ರವಿವಾರ ನಾನು ದೇವಾಲಯಕ್ಕೆ ಬರುತ್ತೇನೆ. ಎಲ್ಲರ ಸಂಗಡ ಮುಂದೆ ಹೋಗಿ ಮೊಣಕಾಲೂರುತ್ತೇನೆ. ರೊಟ್ಟಿ ನನ್ನನ್ನು ಬಿಟ್ಟು ಮುಂದೆ ಹೋದರೆ ಹೋಗಲಿ, ನಾನು ಏಳುವುದಿಲ್ಲ. ಆ ಮೇಜು ಗೋಣೆಪ್ಪನವರದಲ್ಲ.

ನಾನು ಕ್ಷಮೆ ಬೇಡಬೇಕಾದವರಲ್ಲಿ ನೀನೊಬ್ಬಳೇ ಉಳಿದಿರುವೆ. ಬೇಡುತ್ತಿದ್ದೇನೆ. ನಿನ್ನ ಕಾಗದದ ತುಂಬ ಹಿರಿಯರ ಮಾತಿತ್ತು, ನಿನ್ನ ಮಾತು ಒಂದೂ ಇರಲಿಲ್ಲ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ,
ದೇವವ್ವ

ತಾ.ಕ.: ಒಂದನ್ನು ಗೋಣೆಪ್ಪನವರಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನಾನು ಗುರುತಿಲ್ಲ ಎಂದ ಮೇಲೆ ಶಂಕ್ರೆವ್ವ ನಿನ್ನನ್ನೂ ಕೇಳಿದರು. ನೀನು ಚೀಲ ಸರಿಮಾಡಿಕೊಂಡು, "ನನಗ ಮಕ್ಕಳs ಇಲ್ಲರಿ" ಎಂದು ಹೊರಟುಹೋದೆ. ನನ್ನ ಅನ್ನ ಉಳಿಸಲು ಹಾಗಂದೆಯೋ, ಎದೆ ಒಡೆದು ಅಂದೆಯೋ, ನಾನು ಕೇಳುವುದಿಲ್ಲ. ಅದಕ್ಕೂ ಕ್ಷಮೆ ಇದೆ ಅವ್ವಾ, ನೀನೂ ಯಾರ ಮುಂದೆಯೂ ನಿಲ್ಲಬೇಡ. ಹಬ್ಬದ ಹಿಂದಿನ ಶನಿವಾರ ಮಧ್ಯಾಹ್ನದ ಮೋಟಾರಿಗೆ ಗದಗಿನಲ್ಲಿ ಇಳಿಯುತ್ತೇನೆ. ನೀನು ಬಂದಿದ್ದರೆ, ಅಷ್ಟು ಜನರ ನಡುವೆ ನನ್ನನ್ನು ಮಗಳೇ ಎಂದು ಗಟ್ಟಿಯಾಗಿ ಕೂಗು.