ಗಿಡ್ಡದಮ್ಮಿನ ಮಹಾಲಿಂಗ

ಎರಡನೆಯ ವೈಶಾಖದ ಮೂವತ್ತೆಂಟನೆಯ ದಿನ, ನೆರಳು ಶಕ ತೊಂಬತ್ತೊಂದು
ಡೋಣಿದಂಡೆ ನೆರಳೂರು

ಬಯಲಲ್ಲಿ ಓಡುತ್ತಿದ್ದ ಹಿರಿಯರಿಗೆ ನಾಗಲಾಂಬಿಕೆಯ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗದು. ಬೇಸಗೆ ತನ್ನ ಕಾಲಕ್ಕೆ ಮುಗಿಯದೆ ಹೋದಾಗ ನಮ್ಮ ಹಿಂದಿನವರು ವೈಶಾಖವನ್ನು ಎರಡು ಸಲ ಎಣಿಸತೊಡಗಿದರು. ಆಮೇಲೆ ಅದರ ದಿನಗಳನ್ನೂ ಹಿಗ್ಗಿಸಿದರು. ನನ್ನ ಮಾತು ಕೆಲವೆಡೆ ನಿಮಗೆ ಅರ್ಥವಾಗದೆ ಹೋದರೆ ಕ್ಷಮಿಸಬೇಕು. ನಾವು ಬಳಸುವ ಎಷ್ಟೋ ಪದಗಳು ನಿಮ್ಮ ಕಾಲದಲ್ಲಿ ಬೇಕಾಗಿಯೇ ಇರಲಿಲ್ಲ.

ನೆರಳೂರು ಎಂದರೆ ಮೇಲೆ ದಪ್ಪ ಬಿಳಿ ಹೊದಿಕೆ ಬಿಗಿದ ಊರು. ಒಂದು ಹೊದಿಕೆಗೂ ಇನ್ನೊಂದಕ್ಕೂ ನಡುವೆ ಚೂರು ಬಯಲು ಇರುತ್ತದೆ. ಅದಕ್ಕೆ ದಾಟು ಎನ್ನುತ್ತೇವೆ. ಬಿಸಿಲಿನಲ್ಲಿ ನಿಲ್ಲುವಂತಿಲ್ಲವಾದ್ದರಿಂದ ದಾಟನ್ನು ಒಂದೇ ಬೀಸಿಗೆ ಓಡಿ ಮುಗಿಸಬೇಕು. ಶಾಲೆಗೆ, ಅಂಗಡಿಗೆ, ಸತ್ತವರ ಮನೆಗೆ ಹೋಗುವುದೂ ಹಾಗೆಯೇ. ಆದ್ದರಿಂದ ನಮ್ಮ ಮಕ್ಕಳಿಗೆ ಕಲಿಸುವ ಓಟವೂ ಒಂದೇ, ಗಿಡ್ಡದಮ್ಮು. ಉಸಿರಿನ ಗಾಳಿಗೆ ಕಾಯದೆ ಸ್ನಾಯುವಿನೊಳಗೆ ಕೂಡಿಟ್ಟ ಶಕ್ತಿಯನ್ನು ಒಮ್ಮೆಲೇ ಸುಟ್ಟು ಓಡುವುದು. ಗಾಳಿಯೂ ನೆತ್ತರೂ ಜೊತೆಗೂಡಿ ಕಾಲಿಗೆ ಉಣಿಸುತ್ತ ತಾಸುಗಟ್ಟಲೆ ಓಡಿಸುವ ಇನ್ನೊಂದು ಶಕ್ತಿಯಿದೆ, ಅದು ಉದ್ದದಮ್ಮು. ನೀವು ಇವನ್ನು ಅನೇರೋಬಿಕ್, ಏರೋಬಿಕ್ ಎಂದು ಕರೆಯುತ್ತಿದ್ದಿರಂತೆ. ಉದ್ದದಮ್ಮು ತಿಂಗಳುಗಟ್ಟಲೆ ನಿಧಾನವಾಗಿ ಓಡಿದರೆ ಮಾತ್ರ ಮೈಗೂಡುತ್ತದೆ, ಓಡಿದರೆ ಬೆವರು ಬರುತ್ತದೆ, ಬೆವರಿದರೆ ನೀರು ಬೇಕು. ಹೀಗಾಗಿ ನಮ್ಮಲ್ಲಿ ಬೆವರುವುದೇ ನಾಚಿಕೆಯ ಸಂಗತಿಯಾಯಿತು. ಒದ್ದೆ ಅಂಗಿಯವರು ಎದುರು ಬಂದರೆ ಜನ ಮುಖ ತಿರುಗಿಸುತ್ತಾರೆ.

ನನ್ನ ಸೋದರತ್ತೆ ಗೋದಕ್ಕ ಮಾತ್ರ ದಿನಾ ನಸುಕಿನಲ್ಲಿ ಹೊದಿಕೆಯ ಅಂಚು ಹಿಡಿದು ಊರ ಸುತ್ತ ಓಡುತ್ತಿದ್ದಳು. ತನ್ನ ಪಾಲಿನ ನೀರನ್ನೇ ಕುಡಿಯುತ್ತಿದ್ದರೂ ಅವಳನ್ನು ನೀರುಗೇಡಿ ಎಂದು ಜನ ಆಡಿಕೊಂಡರು. ನಾನು ಅವಳ ಬೆನ್ನು ಹತ್ತಿದೆ. ಅವಳು ನನಗೆ ಕೊಟ್ಟ ಪಾಠ ಇಷ್ಟೇ: "ಓಡಕೋತ ಮಾತಾಡಾಕ ಬರಬೇಕು ನೋಡವ್ವ. ಮಾತು ಕಡದ್ರ ಓಟ ಜೋರಾತು ಅಂತ ತಿಳಕೊ."

ನನ್ನ ಅಣ್ಣ ಮಹಾಲಿಂಗ ಇದನ್ನು ಕಂಡು ನಗುತ್ತಿದ್ದ. ನಗುವ ಹಕ್ಕು ಅವನಿಗಿತ್ತು. ಸುತ್ತಲಿನ ಯಾವ ನೆರಳೂರಿನಲ್ಲೂ ಅವನಷ್ಟು ವೇಗವಾಗಿ ದಾಟು ಮುಗಿಸುವವರು ಇರಲಿಲ್ಲ. ಅವನು ಓಡಲು ನಿಂತರೆ ಮುದುಕರು ಕೂಡ ಹೊದಿಕೆಯ ಅಂಚಿಗೆ ಬಂದು ನೋಡುತ್ತಿದ್ದರು. ಅವ್ವನಿಗಂತೂ ಮಗನ ಕಾಲುಗಳೆಂದರೆ ದೇವರ ಪ್ರಸಾದ.

ಆ ವರ್ಷ ಮಣ್ಣುಗಾಳಿ ಎದ್ದು ಮೂರು ದಿನ ಬೀಸಿತು. ತಂತಿಗಳು ಹರಿದವು, ಗಾಡಿಗಳು ಧೂಳಿನಲ್ಲಿ ಹೂತುಹೋದವು. ಅದೇ ವಾರ ಊರ ಮಕ್ಕಳಿಗೆ ಉಸಿರು ಕಟ್ಟಿಸುವ ಗಂಟಲಮಾರಿ ತಗುಲಿತು. ಮದ್ದು ಇದ್ದದ್ದು ಡೋಣಿ ಹೊಳೆಯ ಒಣಪಾತ್ರದ ಆಚೆ, ಮೇಲ್ದಂಡೆ ನೆರಳೂರಿನಲ್ಲಿ. ಅಷ್ಟು ಉದ್ದದ ಬಯಲನ್ನು ನಮ್ಮ ತಲೆಮಾರಿನಲ್ಲಿ ಯಾರೂ ಕಾಲಿನಿಂದ ದಾಟಿರಲಿಲ್ಲ. ಹಿರಿಯರು ಕೂಡಿದಾಗ ಎಲ್ಲರ ಬಾಯಲ್ಲೂ ಒಂದೇ ಹೆಸರು ಬಂತು, ಮಹಾಲಿಂಗನದು.

"ಅವನೊಬ್ಬನ್ನ ಕಳಸಬ್ಯಾಡ್ರಿ," ಎಂದಳು ಗೋದಕ್ಕ. "ನಾಗಲಾನೂ ಹೋಗಲಿ."

"ಆಕಿ ಓಟ ಅಂದ್ರ ನಡಿಗಿ ಇದ್ದಂಗ ಐತಲ್ಲಬೇ," ಎಂದ ಊರ ಹಿರಿಯ ರಾಚಪ್ಪ.

"ಅದಕ್ಕ ಹೇಳಾಕತ್ತೀನಿ. ಆಕಿ ಮುಟ್ಟತಾಳ."

ನಸುಕಿನಲ್ಲಿ ಹೊರಟೆವು. ಮೇಲ್ದಂಡೆ ಮುಟ್ಟುವ ಹೊತ್ತಿಗೆ ಬಿಸಿಲು ಬಲಿತಿರಬಾರದು ಎಂಬುದು ಲೆಕ್ಕ. ಹೊದಿಕೆ ಹಿಂದೆ ಉಳಿದ ಮೇಲೆ ಆಕಾಶವನ್ನು ಇಡಿಯಾಗಿ ಕಂಡೆ. ಅಷ್ಟೊಂದು ಆಕಾಶ ನೋಡಲು ಅಣ್ಣನೂ ಕತ್ತೆತ್ತಿ ಒಂದು ಸುತ್ತು ತಿರುಗಿದ. ಆಮೇಲೆ ಬಾಣದಂತೆ ಹೋದ. ಎಷ್ಟೋ ಮುಂದೆ ಹೋಗಿ, ಮೊಣಕಾಲ ಮೇಲೆ ಕೈಯೂರಿ, ನಾನು ಬರುವುದನ್ನು ಕಾಯ್ದ. ನಾನು ಸೇರಿಕೊಂಡ ಕೂಡಲೇ ಮತ್ತೆ ಹೋದ.

"ಸಾವಕಾಶ ಓಡೋ ಅಣ್ಣ. ನನ್ನ ಜೋಡಿ ಮಾತಾಡಕೋತ ಬಾ."

"ನೀ ಓಡೂವಷ್ಟು ಮೆತ್ತಗ ಓಡಾಕ ನನಗ ಬರೂದಿಲ್ಲ ನಾಗಿ. ಕಾಲು ಕೇಳೂದಿಲ್ಲ."

ಅದು ಜಂಬದ ಮಾತಾಗಿರಲಿಲ್ಲ. ಅವನು ನಿಜಕ್ಕೂ ಪ್ರಯತ್ನಪಟ್ಟ. ನನ್ನ ಪಕ್ಕದಲ್ಲಿ ಹೆಜ್ಜೆ ಕಿರಿದು ಮಾಡಿ ಓಡಿದ, ಅವ್ವ ಮಾಡುವ ರೊಟ್ಟಿಯ ಮಾತಾಡಿದ. ಆದರೆ ಎಂದೂ ಬಳಸದ ದಮ್ಮು ಕರೆದ ತಕ್ಷಣ ಬರುವುದಿಲ್ಲ. ಆ ನಿಧಾನ ಓಟವೇ ಅವನಿಗೆ ಭಾರವಾಗಿ, ಉರಿಯುವ ತೊಡೆಗಳನ್ನು ತಿಕ್ಕಿಕೊಳ್ಳುತ್ತ ಹಿಂದೆ ಬೀಳತೊಡಗಿದ. ಮೊದಲು ಮಾತು ಗಿಡ್ಡವಾಯಿತು. ಆಮೇಲೆ ಹೂಂ ಎಂದಷ್ಟೇ ಆಯಿತು. ಕೊನೆಗೆ ನಾನು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ತಿರುಗಿ ನೋಡಿದರೆ ಹೊಳೆಯ ಪಾತ್ರದ ಅಂಚಿನಲ್ಲಿ ಕೂತಿದ್ದ. ಮುಖ ಕೆಂಡದಂತಾಗಿತ್ತು.

ನಿಮ್ಮ ಕಾಲದ ಸೇತುವೆಯೊಂದು ಅಲ್ಲಿ ಅರ್ಧ ಹೂತು ನಿಂತಿದೆ. ಅದರ ಕೆಳಗಿನ ನೆರಳಿಗೆ ಅವನನ್ನು ಎಳೆದೊಯ್ದೆ. ನನ್ನ ನೀರಿನಲ್ಲಿ ಅರ್ಧ ಕುಡಿಸಿದೆ, ತಲೆ ತೋಯಿಸಿದೆ.

"ನೀ ಹೋಗು," ಎಂದ.

"ನಿನ್ನ ಬಿಟ್ಟು ಹ್ಯಾಂಗ ಹೋಗಲೋ?"

"ಹುಡುಗೂರ ಗಂಟಲಾ ಕಟ್ಟಾಕತ್ತಾವು. ನನ್ನ ಮುಖಾ ನೋಡಕೋತ ಕುಂದರಬ್ಯಾಡ. ದಮ್ಮು ಹಿಡಕೊಂಡು ಬೆನ್ನ ಹಿಂದ ಬರತೀನಿ."

"ಬರಬ್ಯಾಡ. ಇಲ್ಲೇ ಇರು. ಗಾಡಿ ತಗೊಂಡು ಬರತೀನಿ."

ಅವನು ಆಗಲಿ ಎಂಬಂತೆ ತಲೆ ಆಡಿಸಿದ. ನಾನು ಹೊರಟೆ.

ಮೇಲ್ದಂಡೆಯವರು ನನ್ನನ್ನು ಕಂಡು ಮೊದಲು ಹೆದರಿದರಂತೆ. ಬಯಲಿನಿಂದ ಮನುಷ್ಯರು ಬಂದದ್ದನ್ನು ಅವರು ನೋಡಿರಲಿಲ್ಲ. ಅವರ ಕಡೆ ಗಾಡಿಗಳು ಸುಸ್ಥಿತಿಯಲ್ಲಿದ್ದವು. ಮದ್ದು ಏರಿಸಿಕೊಂಡು, ಧೂಳು ಸರಿಸುವ ಯಂತ್ರವನ್ನು ಮುಂದೆ ಬಿಟ್ಟುಕೊಂಡು ಹೊರಟೆವು. ಸೇತುವೆಯ ಕೆಳಗೆ ಅವನ ಖಾಲಿ ನೀರಿನ ಚೀಲ ಬಿದ್ದಿತ್ತು. ಅವನಿರಲಿಲ್ಲ.

ಹೆಜ್ಜೆಗಳು ಧೂಳಿನಲ್ಲಿ ಸ್ಪಷ್ಟವಾಗಿ ಮೂಡಿದ್ದವು. ಊರ ಕಡೆಗಲ್ಲ, ನಾನು ಹೋದ ದಾರಿಯಲ್ಲಿ. ನಾವು ಬರುವಾಗ ಹೊಳೆಯ ಕಡಿದಾದ ಇಳಿಜಾರನ್ನು ಬಿಟ್ಟು ಸುತ್ತು ಹಾಕಿ ಬಂದದ್ದರಿಂದ ಅವನನ್ನು ಕಾಣದೆ ದಾಟಿ ಬಂದುಬಿಟ್ಟಿದ್ದೆವು. ಒಂದು ಹೆಜ್ಜೆಗೂ ಮತ್ತೊಂದಕ್ಕೂ ನಡುವಿನ ಅಂತರ ನೋಡಿ ಗಾಡಿಯವ ಬೆರಗಾಗಿ, "ಯಾವುದೋ ಪ್ರಾಣಿ ಓಡೇತಿ," ಎಂದ. ಪ್ರಾಣಿಯಲ್ಲವೆಂದು ನನಗೆ ಗೊತ್ತಿತ್ತು. ಹಾಗೆ ಓಡುವವನು ಒಬ್ಬನೇ ಇದ್ದ. ನನ್ನನ್ನು ಒಂಟಿಯಾಗಿ ಬಿಡಲಾರದೆ, ತಿರುಗಿ ಬಂದ ಚೂರು ಶಕ್ತಿಯನ್ನೆಲ್ಲ ಒಂದೇ ಬೀಸಿಗೆ ಸುಟ್ಟು, ಏರು ಹತ್ತಿದ ಜಾಗದಲ್ಲಿ ಮುಖ ಅಡಿಯಾಗಿ ಬಿದ್ದಿದ್ದ. ಮೈ ಇನ್ನೂ ಸುಡುತ್ತಿತ್ತು. ಅದು ಜ್ವರವೋ ಬಿಸಿಲೋ ತಿಳಿಯಲು ಎದೆಗೆ ಕಿವಿಯಿಟ್ಟೆ. ಬಡಿತವಿರಲಿಲ್ಲ. ಬಿಸಿಲು.

ಮಕ್ಕಳಲ್ಲಿ ಬಹುಪಾಲು ಉಳಿದವು. ಅವಕ್ಕೆ ಈಗ ಮೀಸೆ ಮೂಡುತ್ತಿದೆ, ಮದುವೆಯ ಮಾತು ನಡೆಯುತ್ತಿದೆ.

ಊರಿನವರು ಅಣ್ಣನನ್ನು ಮರೆಯಲಿಲ್ಲ. ವರ್ಷಕ್ಕೊಮ್ಮೆ ಅವನ ಹೆಸರಿನಲ್ಲಿ ಓಟ ನಡೆಸುತ್ತಾರೆ. ಯಾವ ಓಟ ಎಂದು ನೀವು ಊಹಿಸಬಲ್ಲಿರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಗಿಡ್ಡದಮ್ಮಿನ ಓಟ. ಉದ್ದದಮ್ಮು ಕಲಿಸಿ ಎಂದು ನಾನೂ ಗೋದಕ್ಕನೂ ಹಿರಿಯರ ಮುಂದೆ ಎಷ್ಟು ಸಲ ನಿಂತೆವೋ. "ನೀರೆಲ್ಲೈತಿ?" ಎನ್ನುತ್ತಾರೆ. ಅವರ ಪ್ರಶ್ನೆಯೂ ಸುಳ್ಳಲ್ಲ. ಗೋದಕ್ಕ ಹೋದ ಮೇಲೆ ಅಂಚಿನಲ್ಲಿ ಓಡುವವಳು ನಾನೊಬ್ಬಳೇ.

ನಮ್ಮ ಮನೆಯ ಪಕ್ಕದಲ್ಲಿ ಊರಿಗೆ ಗಾಳಿ ಒತ್ತುವ ಯಂತ್ರವಿದೆ. ಅದು ಹಳೆಯದಾಗಿ, ನಡುನಡುವೆ ಏದುಸಿರು ಬಿಡುತ್ತದೆ. ಮೊಣಕಾಲ ಮೇಲೆ ಕೈಯೂರಿ ನಿಂತವರ ಉಸಿರಿನಂತೆಯೇ ಇರುತ್ತದೆ. ಕೇಳಿದಾಗಲೆಲ್ಲ ಅವ್ವ ಒಲೆಯ ಮುಂದಿನಿಂದ ಎದ್ದು, ತನ್ನ ಪಾಲಿನ ಒಂದು ತಂಬಿಗೆ ನೀರನ್ನು ಹೊಸ್ತಿಲ ಹೊರಗಿಟ್ಟು ಬರುತ್ತಾಳೆ. "ದಣಿದು ಬಂದಾನ," ಎನ್ನುತ್ತಾಳೆ, ಅಷ್ಟೇ. ನೀರಿಗೆ ಜಗಳವಾಡುವ ನಮ್ಮ ಓಣಿಯಲ್ಲಿ ಆ ತಂಬಿಗೆಯನ್ನು ಇದುವರೆಗೆ ಯಾರೂ ಮುಟ್ಟಿಲ್ಲ. ಸಂಜೆಗೆ ಅದು ಖಾಲಿಯಾಗಿರುತ್ತದೆ. ಕಾವಿಗೆ ಆರುತ್ತದೆಂದು ನಾನು ಬಲ್ಲೆ. ಆದರೂ ತಂಬಿಗೆ ಎತ್ತಲು ಹೋಗುವವಳು ನಾನಲ್ಲ.

ಹಿರಿಯರೇ, ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಮನೆಯಲ್ಲೂ ಬಲು ಚುರುಕಿನ ಮಗುವೊಂದು ಇರಬಹುದು, ಅದರ ಓಟಕ್ಕೆ ಎಲ್ಲರೂ ಚಪ್ಪಾಳೆ ತಟ್ಟುತ್ತಿರಬಹುದು. ತಟ್ಟಲಿ. ನೀವು ಮಾತ್ರ ಅದನ್ನು ಬೆಳಿಗ್ಗೆ ಕೆರೆಯ ಏರಿಗೋ ಹೊಲದ ದಾರಿಗೋ ಕರೆದೊಯ್ದು, ದೂರ, ತೀರ ದೂರ, ಮೆಲ್ಲಗೆ ಓಡಿಸಿ. ಬೆವರಲಿ. ಬಿಸಿಲು ಇನ್ನೂ ನಿಮ್ಮ ಮೇಲೆ ಮುನಿದಿಲ್ಲ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ನಾಗಲಾಂಬಿಕೆ